ಮೊದಲು ಓದಿ, ಆಮೇಲೆ ಮುಟ್ಟಿ
ಒಬ್ಬ ಲಾರಿ ಡ್ರೈವರ್ ಆಡಿದ ಮಾತು

ಮುಳಬಾಗಿಲು ತಾಲ್ಲೂಕಿನ ಒಂದು ಕಲಿಕಾ ಕೇಂದ್ರಕ್ಕೆ ಒಬ್ಬ ಲಾರಿ ಡ್ರೈವರ್ ಬಂದಿದ್ದರು. ಅವರ ಕಂಕುಳಲ್ಲಿ ಒಂದು ಮರದ ಹಲಗೆ. ಹಲಗೆಯ ಮೇಲೆ ಒಂದು ಪುಟ್ಟ ರೈಲು. ಅಂದು ಸಂಜೆ ಅವರು ಆಡಿದ ಮಾತು ಇದು. ಆದಷ್ಟೂ ಅವರು ಆಡಿದ ಹಾಗೆಯೇ ಕೊಟ್ಟಿದ್ದೇವೆ. ಓದಿ. ಓದಲು ಬಾರದವರಿಗೆ ಓದಿ ಹೇಳಿ.

ಅಕ್ಕಂದಿರೇ, ಅಮ್ಮಂದಿರೇ, ಎಲ್ಲರಿಗೂ ನಮಸ್ಕಾರ.

ನಾನು ಮೇಷ್ಟ್ರಲ್ಲ, ಲಾರಿ ಡ್ರೈವರ್. ನಮ್ಮೂರು ಶ್ರೀನಿವಾಸಪುರ ತಾಲ್ಲೂಕು. ಹದಿನೈದು ವರ್ಷದ ಹುಡುಗ ಆಗಿದ್ದಾಗ ಕ್ಲೀನರ್ ಆಗಿ ಲಾರಿ ಹತ್ತಿದೆ. ಆಮೇಲೆ ಮೂವತ್ತೈದು ವರ್ಷ ಸ್ಟೇರಿಂಗ್ ಹಿಡಿದೆ. ಈಗ ನನ್ನ ಮಗ ಲಾರಿ ಓಡಿಸ್ತಾನೆ. ನಾನು ಮನೇಲಿ ಮೊಮ್ಮಗಳ ಜೊತೆ ರೈಲು ಓಡಿಸ್ತೀನಿ. ನಗಬೇಡಿ. ಆ ರೈಲನ್ನೂ ತಂದಿದ್ದೀನಿ. ಸ್ವಲ್ಪ ತಾಳಿ, ತೋರಿಸ್ತೀನಿ.

ನನ್ನ ಕೆಲಸ

ಲಾರಿ ಕೆಲಸ ಅಂದ್ರೆ ಏನು? ಒಂದು ಊರಿನ ಬೆಳೆಯನ್ನು ಇನ್ನೊಂದು ಊರಿನ ಅಡುಗೆ ಮನೆಗೆ ಸೇರಿಸೋದು. ಕೋಲಾರದ ಮಂಡಿಯಿಂದ ಟೊಮೆಟೊ ಹೊತ್ತಿದ್ದೀನಿ. ಒಂದು ಬಾಕ್ಸಿಗೆ 15 ಕೆಜಿ. ಶ್ರೀನಿವಾಸಪುರದಿಂದ ಮಾವು ಹೊತ್ತಿದ್ದೀನಿ. ಮಾವಿನ ಕಾಲ ಬಂದರೆ ನಮಗೆ ರಾತ್ರಿ ಯಾವುದು, ಹಗಲು ಯಾವುದು ಗೊತ್ತಾಗ್ತಿರಲಿಲ್ಲ. ಮಾಲೂರಿನಿಂದ ಹೆಂಚು, ಇಟ್ಟಿಗೆ ಹೊತ್ತಿದ್ದೀನಿ. ಮುಳಬಾಗಿಲು ಕಳೆದು, ನಂಗಲಿ ದಾಟಿ, ಆಂಧ್ರಕ್ಕೂ ಹೋಗಿದ್ದೀನಿ.

ಹೆಂಚು ಕಾಯುತ್ತೆ, ಟೊಮೆಟೊ ಕಾಯಲ್ಲ. ಒಂದು ದಿನ ತಡ ಆದರೆ ಹಣ್ಣು ನೀರಾಗುತ್ತೆ. ಬಾಡಿಗೆಯಲ್ಲಿ ಹಿಡಿದುಕೊಳ್ತಾರೆ. ಅದಕ್ಕೇ ಡ್ರೈವರ್‌ಗೆ ಯಾವಾಗಲೂ ಅವಸರ. ಅವಸರವೇ ನಮ್ಮ ಶತ್ರು.

ನನ್ನ ಗುರು ಒಬ್ಬರು ಹಳೇ ಡ್ರೈವರ್. ಅವರು ಹೇಳ್ತಿದ್ದರು. "ಲಾರಿಗೆ ಮೂರು ಅಳತೆ ಕಣಯ್ಯಾ. ತೂಕ, ನಿದ್ದೆ, ಎತ್ತರ. ತೂಕ ಹೆಚ್ಚಾದರೆ ಬ್ರೇಕ್ ಹಿಡಿಯಲ್ಲ. ನಿದ್ದೆ ಕಮ್ಮಿಯಾದರೆ ಕಣ್ಣು ಹಿಡಿಯಲ್ಲ. ಎತ್ತರ ಹೆಚ್ಚಾದರೆ ತಂತಿ ಹಿಡಿಯುತ್ತೆ."

ಮೊದಲ ಎರಡು ಮಾತು ನೆನಪಿಟ್ಟುಕೊಂಡೆ. ಮೂರನೇ ಮಾತು ಮರೆತೆ.

ಆ ದಿನ

1994ನೇ ಇಸವಿ. ಜನವರಿ ತಿಂಗಳು. ರಾಗಿ ಸುಗ್ಗಿ ಮುಗಿದಿತ್ತು. ಮುಳಬಾಗಿಲು ಕಡೆಯ ಒಂದು ಹಳ್ಳಿಯಿಂದ ಮಾಲೂರಿಗೆ ಹುಲ್ಲು ಸಾಗಿಸಬೇಕಿತ್ತು. ಹುಲ್ಲು ಹಗುರ. ಹಗುರ ಅಂತ ಮೇಲೆ ಮೇಲೆ ಪೇರಿಸಿದ್ವಿ. ಎರಡಾಳು ಎತ್ತರ ಆಯ್ತು. ಎರಡು ಸಲ ಬರೋ ಬದಲು ಒಂದೇ ಸಲಕ್ಕೆ ಮುಗೀಲಿ ಅಂತ ಆಸೆ.

ಬೆಳಗಿನ ಜಾವ ಹೊರಟ್ವಿ. ಮಂಜು ಬಿದ್ದಿತ್ತು. ಹುಲ್ಲೆಲ್ಲಾ ನೆಂದಿತ್ತು. ಊರಾಚೆ ದಾರಿಗೆ ಅಡ್ಡವಾಗಿ ಒಂದು ಕರೆಂಟ್ ಲೈನು. ತಂತಿ ಸ್ವಲ್ಪ ಜೋತು ಬಿದ್ದಿತ್ತು. ನಮ್ಮ ಕ್ಲೀನರ್ ಹುಡುಗ ಲೋಡಿನ ಮೇಲೆ ಕೂತಿದ್ದ. ಅವನಿಗೆ ಹದಿನೇಳು ವರ್ಷ.

"ಅಣ್ಣಾ, ತಂತಿ ತಾಗುತ್ತೆ" ಅಂತ ಕೂಗಿದ.

ನಾನು ಏನು ಹೇಳಬೇಕಿತ್ತು? "ಇಳಿಯೋ ಕೆಳಗೆ" ಅನ್ನಬೇಕಿತ್ತು. ನಾನು ಹೇಳಿದ್ದೇ ಬೇರೆ. "ಕೋಲಿಂದ ತಂತಿ ಎತ್ತಿ ಹಿಡಿಯೋ. ನಾನು ಮೆಲ್ಲಗೆ ದಾಟಿಸ್ತೀನಿ" ಅಂದೆ. ಎಲ್ಲ ಲಾರಿಯವರೂ ಹಾಗೇ ಮಾಡ್ತಿದ್ದರು. ನಾನೂ ಎಷ್ಟೋ ಸಲ ಮಾಡಿಸಿದ್ದೆ.

ಅವನ ಕೈಲಿದ್ದದ್ದು ಬಿದಿರು ಕೋಲು. ಮಂಜಲ್ಲಿ ನೆಂದಿತ್ತು. ಇನ್ನೊಂದು ಕೈಲಿ ಲೋಡು ಬಿಗಿದಿದ್ದ ಕಬ್ಬಿಣದ ಸರಪಳಿ ಹಿಡಿದಿದ್ದ. ಪಟ್ ಅಂತ ಒಂದು ಸದ್ದು. ನೀಲಿ ಬೆಳಕು. ಹುಡುಗ ಕೆಳಗೆ ಬಿದ್ದ.

ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ. ಮೊಣಕೈಯಿಂದ ಕೆಳಗೆ ತೆಗೆದರು.

ಅವನ ತಾಯಿ ಆಸ್ಪತ್ರೆಗೆ ಬಂದರು. ನನ್ನನ್ನು ಬೈಯಲಿಲ್ಲ. "ನನ್ನ ಮಗ ಇನ್ನು ಯಾವ ಕೈಯಲ್ಲಿ ಉಣ್ಣಬೇಕಪ್ಪಾ?" ಅಂತ ಕೇಳಿದರು. ಬೈದಿದ್ದರೆ ಮರೀತಿದ್ದೆನೋ ಏನೋ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಎಂಟು ದಿನ ಆದ ಮೇಲೆ ಅದೇ ದಾರಿಯಲ್ಲಿ ಹೋದೆ. ಕಂಬದ ಮೇಲೆ ಒಂದು ಕೆಂಪು ಬೋರ್ಡು ಇತ್ತು. ತಲೆಬುರುಡೆ, ಎರಡು ಮೂಳೆ. ಅದರ ಜೊತೆ "ಅಪಾಯ" ಅಂತ ಬರೆದಿತ್ತು. ಒಂದು ನಂಬರೂ ಇತ್ತು. ನಾನು ನಾಲ್ಕನೇ ಕ್ಲಾಸು ಓದಿದ್ದೆ. ಅಕ್ಷರ ಬರ್ತಿತ್ತು. ಆದರೆ ಓದೋ ಅಭ್ಯಾಸ ಇರಲಿಲ್ಲ. ಬೋರ್ಡು ಅಂದರೆ ಯಾರಿಗೋ ಹಾಕಿದ್ದು ಅಂತ ತಿಳ್ಕೊಂಡಿದ್ದೆ. ಅದು ನನಗೇ ಹಾಕಿದ್ದು.

ನನ್ನ ಹೆಂಡತಿ ಕೇಳಿದ ಪ್ರಶ್ನೆ

ಎರಡು ವರ್ಷ ಕಳೀತು. ನಮ್ಮೂರಲ್ಲಿ ಸಂಜೆ ಓದು ಶುರುವಾಯ್ತು. ನನ್ನ ಹೆಂಡತಿ ನಿಮ್ಮ ಹಾಗೇ ಸ್ಲೇಟು ಹಿಡಿದು ಹೋದಳು. ಓದು ಬಂದ ಮೇಲೆ ಅವಳು ಸುಮ್ಮನಿರಲಿಲ್ಲ. ಸೋಪಿನ ಕಾಗದ ಓದಿದಳು. ಬಸ್ಸಿನ ಬೋರ್ಡು ಓದಿದಳು. ಅಂಗಡಿ ಚೀಟಿ ಓದಿ ಸೆಟ್ಟರಿಂದ ಎಂಟಾಣೆ ವಾಪಸ್ ತಂದಳು.

ಒಂದು ದಿನ ಹೊಲಕ್ಕೆ ಹೋಗ್ತಾ ಇದ್ವಿ. ಅವಳು ಕಂಬದ ಹತ್ತಿರ ನಿಂತಳು. "ಏನ್ರೀ, ಅಲ್ಲಿ ಎರಡು ಒಂದು, ಮೂರು ಸೊನ್ನೆ ಇದೆ. ಹನ್ನೊಂದು ಸಾವಿರ. ಹನ್ನೊಂದು ಸಾವಿರ ಏನು?" ಅಂದಳು.

ನನಗೆ ಗೊತ್ತಿರಲಿಲ್ಲ. ಆ ನಂಬರೇ ಒಬ್ಬ ಹುಡುಗನ ಕೈ ತಿಂದಿತ್ತು. ಅದರ ಅರ್ಥ ನನಗೆ ಗೊತ್ತಿರಲಿಲ್ಲ.

ಲೈನ್‌ಮನ್‌ನ ಕೇಳಿದೆ. ಅವರು ಹೇಳಿದರು. "ನೀರಿನ ಟ್ಯಾಂಕು ನೋಡಿದ್ದೀರಲ್ಲ. ಟ್ಯಾಂಕು ಎತ್ತರ ಇದ್ದಷ್ಟೂ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತೆ. ಕರೆಂಟಿಗೂ ಹಾಗೇ ಒಂದು ನೂಕುವ ಬಲ ಇದೆ. ಆ ಬಲದ ಅಳತೆಯೇ ವೋಲ್ಟು."

ಅವತ್ತಿನಿಂದ ನಾನು ನಂಬರ್ ಓದೋಕೆ ಶುರು ಮಾಡಿದೆ. ನೀವೂ ಓದಿ.

ಟಾರ್ಚಿನ ಒಂದು ಸೆಲ್ಲು: ಒಂದೂವರೆ ವೋಲ್ಟು.
ಲಾರಿಯ ಒಂದು ಬ್ಯಾಟರಿ: 12 ವೋಲ್ಟು. ದೊಡ್ಡ ಲಾರಿಯಲ್ಲಿ ಎರಡು ಸೇರಿ 24.
ಮನೆಯ ಕರೆಂಟು: 230 ವೋಲ್ಟು.
ಬೋರ್‌ವೆಲ್ ಮೋಟಾರಿಗೆ ಬರುವ ಮೂರು ತಂತಿ: ಸುಮಾರು 400 ವೋಲ್ಟು.
ಹೊಲದ ಮೇಲೆ ಹಾದು ಟ್ರಾನ್ಸ್‌ಫಾರ್ಮರಿಗೆ ಹೋಗುವ ಲೈನು: 11,000 ವೋಲ್ಟು.
ಮಾಲೂರು, ಬಂಗಾರಪೇಟೆಯಲ್ಲಿ ರೈಲಿನ ಮೇಲಿರುವ ತಂತಿ: 25,000 ವೋಲ್ಟು.

ನಮ್ಮ ಜಿಲ್ಲೆಗೆ ಕರೆಂಟು ಹೊಸದಲ್ಲ. 1902ರಲ್ಲೇ ಬಂತು. ಕಾವೇರಿ ನದಿಯ ಶಿವನಸಮುದ್ರದಲ್ಲಿ ಕರೆಂಟು ತಯಾರಿಸಿದರು. ಅಲ್ಲಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ತಂದರು. ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. 2001ರಲ್ಲಿ ಚಿನ್ನದ ಗಣಿಯೂ ಮುಚ್ಚಿತು. ತಂತಿ ಬಂದು ನೂರು ವರ್ಷ ದಾಟಿತು. ಆ ತಂತಿಯ ಬೋರ್ಡು ಓದೋದನ್ನು ನಾವು ಈಗ ಕಲೀತಾ ಇದ್ದೀವಿ. ತಡ ಆಯ್ತು. ಆದರೂ ಕಲಿಯೋಣ.

ಪುಟ್ಟ ರೈಲು

ಈಗ ರೈಲು ನೋಡಿ.

ನಾನು ಹುಡುಗ ಆಗಿದ್ದಾಗ ನಮ್ಮ ಶ್ರೀನಿವಾಸಪುರದ ಮೇಲೆ ಒಂದು ಚಿಕ್ಕ ರೈಲು ಹೋಗ್ತಿತ್ತು. ಎರಡು ಹಳಿಗಳ ನಡುವೆ ಎರಡೂವರೆ ಅಡಿ ಅಷ್ಟೇ. ದೊಡ್ಡ ರೈಲಿಗೆ ಐದೂವರೆ ಅಡಿ ಇರುತ್ತೆ. ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಅಂತಿದ್ದರು. ಅಲ್ಲಿಂದ ಕೋಲಾರಕ್ಕೆ 1913ರಲ್ಲಿ ಆ ರೈಲು ಬಂತು. ಮುಂದೆ ಶ್ರೀನಿವಾಸಪುರ, ಚಿಂತಾಮಣಿ, ಚಿಕ್ಕಬಳ್ಳಾಪುರದವರೆಗೂ ಹೋಯ್ತು. ಆಮೇಲೆ ಚಿಕ್ಕ ರೈಲು ನಿಂತು ಹೋಯ್ತು. ಹಳಿ ಅಗಲ ಮಾಡಿದರು. 2013ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೆ ದೊಡ್ಡ ರೈಲು ಬಂತು. ಚಿಕ್ಕ ರೈಲನ್ನು ನನ್ನ ಮೊಮ್ಮಗಳು ನೋಡಲಿಲ್ಲ. ಅದಕ್ಕೆ ನಾನೇ ಮಾಡಿಕೊಟ್ಟೆ.

ಎಣ್ಣೆ ಡಬ್ಬದ ತಗಡಿನಿಂದ ಇಂಜಿನ್ನು. ಹಲಸಿನ ಮರದಿಂದ ಎರಡು ಡಬ್ಬಿ. ಹಳೇ ಟೇಪ್ ರೆಕಾರ್ಡರಿನ ಮೋಟಾರು. ಅಲ್ಯೂಮಿನಿಯಂ ಪಟ್ಟಿಯ ಹಳಿ. ಇದಕ್ಕೆ ಒಂದು 12 ವೋಲ್ಟಿನ ಬ್ಯಾಟರಿ.

ಓಡ್ತಾ ಇದೆ, ನೋಡಿ. ಕರೆಂಟು ಹೇಗೆ ಬರುತ್ತೆ? ಒಂದು ಹಳಿಯಲ್ಲಿ ಬರುತ್ತೆ, ಗಾಲಿ ಹತ್ತುತ್ತೆ, ಮೋಟಾರಿನ ಒಳಗೆ ಹೋಗಿ ಕೆಲಸ ಮಾಡುತ್ತೆ, ಇನ್ನೊಂದು ಗಾಲಿ ಇಳಿದು ಇನ್ನೊಂದು ಹಳಿಯಲ್ಲಿ ವಾಪಸ್ ಹೋಗುತ್ತೆ. ಕರೆಂಟಿಗೆ ಹೋಗೋ ದಾರಿ ಬೇಕು, ಬರೋ ದಾರಿ ಬೇಕು. ಎರಡೂ ಇದ್ದರೇ ಓಡುತ್ತೆ.

ಮೊದಲು ಈ ಗಾಲಿಗಳ ನಡುವೆ ಕಬ್ಬಿಣದ ಅಚ್ಚು ಹಾಕಿದ್ದೆ. ರೈಲು ಓಡಲೇ ಇಲ್ಲ. ತಂತಿ ಬಿಸಿ ಆಯ್ತು. ಕಬ್ಬಿಣ ಎರಡು ಹಳಿಯನ್ನೂ ಕೂಡಿಸಿಬಿಟ್ಟಿತ್ತು. ಕರೆಂಟು ಮೋಟಾರಿಗೆ ಹೋಗದೆ ಅಡ್ಡದಾರಿ ಹಿಡಿದಿತ್ತು. ಆಮೇಲೆ ಮರದ ಅಚ್ಚು ಹಾಕಿದೆ. ಓಡಿತು.

ಈಗ ಒಂದು ಚಮಚ ಕೊಡಿ. ಎರಡು ಹಳಿಯ ಮೇಲೂ ಅಡ್ಡ ಇಡ್ತೀನಿ. ನೋಡಿದ್ರಾ? ರೈಲು ನಿಂತಿತು. ಈ ಸಣ್ಣ ತಂತಿ ಕರಗಿತು. ಇದೇ ಫ್ಯೂಸು. ಫ್ಯೂಸು ಅಂದರೆ ಕಾವಲುಗಾರ. ತಾನು ಸುಟ್ಟುಕೊಂಡು ಉಳಿದದ್ದನ್ನು ಉಳಿಸುತ್ತೆ.

ಚಮಚದ ಜಾಗದಲ್ಲಿ ಮನುಷ್ಯ ಇದ್ದರೆ? ಅವತ್ತು ಲೋಡಿನ ಮೇಲೆ ನಮ್ಮ ಹುಡುಗ ಚಮಚದ ಹಾಗೇ ನಡುವೆ ಸಿಕ್ಕಿಕೊಂಡಿದ್ದ. ಒಂದು ಕೈ ತಂತಿಯ ಕಡೆ. ಒಂದು ಕೈ ಕಬ್ಬಿಣದ ಕಡೆ. ಅವನ ಮೈಯೇ ದಾರಿ ಆಯ್ತು.

ಈ 12 ವೋಲ್ಟು ನಿಮಗೆ ಷಾಕ್ ಹೊಡೆಯಲ್ಲ. ನೂಕುವ ಬಲ ಸಣ್ಣದು. ಚರ್ಮ ದಾಟೋಕೆ ಆಗಲ್ಲ. 230 ಹಾಗಲ್ಲ. ಅದು ಚರ್ಮ ದಾಟುತ್ತೆ. ಕೈ ಒದ್ದೆ ಇದ್ದರೆ ಇನ್ನೂ ಸುಲಭವಾಗಿ ದಾಟುತ್ತೆ. ಎದೆ ಬಡಿತ ನಿಲ್ಲಿಸುತ್ತೆ.

ಒಂದು ದಿನ ಪಕ್ಕದ ಮನೆ ಹುಡುಗ ರೈಲು ಆಡೋಕೆ ಬಂದ. ಬ್ಯಾಟರಿ ಮುಗಿದಿತ್ತು. ಅವನು ಈ ಎರಡು ತಂತಿ ಹಿಡ್ಕೊಂಡು ಗೋಡೆಯ ಪ್ಲಗ್ಗಿಗೆ ಚುಚ್ಚೋಕೆ ಹೋದ. ನನ್ನ ಹೆಂಡತಿ ನೋಡಿ ಕೈ ಹಿಡಿದು ಎಳೆದಳು. ಹುಡುಗನ ತಪ್ಪಲ್ಲ. ನೋಡೋಕೆ ತಂತಿಯೆಲ್ಲಾ ಒಂದೇ. ಇದೂ ಕೆಂಪು, ಅದೂ ಕೆಂಪು. ಯಾವುದು ಆಟ, ಯಾವುದು ಸಾವು ಅಂತ ಕಣ್ಣಿಗೆ ಗೊತ್ತಾಗಲ್ಲ. ನಂಬರ್ ಓದಿದರೆ ಮಾತ್ರ ಗೊತ್ತಾಗುತ್ತೆ.

ಮನೆಯಲ್ಲಿ

ನಾನೂ ಒಂದು ಸಲ ಲಾರಿಯಲ್ಲಿ ಫ್ಯೂಸು ಹೋದಾಗ ದಪ್ಪ ತಂತಿ ಸುತ್ತಿದ್ದೆ. ರಾತ್ರಿ ಲೈಟು ಬೇಕಲ್ಲ, ಅವಸರ. ಹತ್ತು ಮೈಲಿ ಹೋಗೋದರೊಳಗೆ ಕ್ಯಾಬಿನ್ ತುಂಬಾ ಹೊಗೆ. ದಪ್ಪ ತಂತಿ ಕರಗಲಿಲ್ಲ. ಅದರ ಬದಲು ಒಳಗಿನ ವೈರೆಲ್ಲಾ ಸುಟ್ಟಿತು. ಷಾಕ್ ಹೊಡೆಯದ 24 ವೋಲ್ಟೂ ಬೆಂಕಿ ಹಚ್ಚಬಲ್ಲದು. ಮನೆಯಲ್ಲಿ ಫ್ಯೂಸು ಹೋದರೆ ಹೇರ್‌ಪಿನ್ನು, ದಪ್ಪ ತಂತಿ ಹಾಕಬೇಡಿ. ಕಾವಲುಗಾರನನ್ನು ಕೊಂದ ಹಾಗೆ ಅದು. ಫ್ಯೂಸು ಮತ್ತೆ ಮತ್ತೆ ಹೋಗ್ತಾ ಇದ್ದರೆ ಎಲ್ಲೋ ತಪ್ಪಿದೆ ಅಂತ ಅರ್ಥ. ಕೆಲಸ ಗೊತ್ತಿರುವವರನ್ನು ಕರೆಸಿ.

ಇನ್ನೊಂದು ಮಾತು. ಫ್ಯೂಸು ಮನೆಯ ವೈರನ್ನು ಕಾಯುತ್ತೆ. ಮನುಷ್ಯರನ್ನು ಕಾಯೋದು ಕಷ್ಟ. ಅದು ಕರಗುವ ಮೊದಲೇ ಜೀವ ಹೋಗಬಹುದು. ಮನುಷ್ಯರಿಗೆ ಷಾಕ್ ಹೊಡೆದರೆ ತಕ್ಷಣ ಕರೆಂಟು ಕಡಿಯುವ ಸ್ವಿಚ್ಚು ಬೇರೆ ಇದೆ. ಅದಕ್ಕೆ ಆರ್‌ಸಿಸಿಬಿ ಅಂತಾರೆ. ಎಲೆಕ್ಟ್ರಿಷಿಯನ್‌ನ ಕೇಳಿ ಹಾಕಿಸಿ. ಒಂದು ಹಬ್ಬದ ಸೀರೆ ಕಮ್ಮಿಯಾದರೂ ಪರವಾಗಿಲ್ಲ.

ನೀರು ಕಾಯಿಸೋ ಕಾಯಿಲ್ ಇದೆಯಲ್ಲ, ಅದರ ಬಗ್ಗೆ ಕೇಳಿ. ನೀರು ಬಿಸಿ ಆಯ್ತಾ ಅಂತ ಬೆರಳು ಅದ್ದಬೇಡಿ. ಮೊದಲು ಸ್ವಿಚ್ಚು ಆರಿಸಿ. ಪ್ಲಗ್ಗು ಕೀಳಿ. ಆಮೇಲೆ ಮುಟ್ಟಿ.

ಪ್ಲಗ್ಗಿಗೆ ಮೂರು ಕಡ್ಡಿ ಇರುತ್ತೆ. ಮೇಲಿನ ದಪ್ಪ ಕಡ್ಡಿ ಯಾಕೆ? ಮಿಕ್ಸಿ, ಇಸ್ತ್ರಿ ಪೆಟ್ಟಿಗೆಯ ಮೈಗೆ ಕರೆಂಟು ಬಂದರೆ ಅದನ್ನು ಭೂಮಿಗೆ ಇಳಿಸೋಕೆ. ನಿಮ್ಮ ಮೈ ದಾರಿ ಆಗೋ ಬದಲು ಆ ತಂತಿ ದಾರಿ ಆಗುತ್ತೆ. ಆ ಕಡ್ಡಿ ಮುರಿಯಬೇಡಿ. ಮನೆಗೆ ಅರ್ಥಿಂಗ್ ಇದೆಯಾ ಕೇಳಿ. ಕೊಳ್ಳುವಾಗ ಐಎಸ್ಐ ಗುರುತು ಓದಿ.

ಕರೆಂಟಿನ ತಂತಿ, ಕಂಬದ ಆಧಾರದ ತಂತಿ, ಇವುಗಳಿಗೆ ಬಟ್ಟೆ ಒಣ ಹಾಕಬೇಡಿ. ದನ ಕಟ್ಟಬೇಡಿ.

ತೋಟದಲ್ಲಿ, ಲೋಡಿನ ಮೇಲೆ

ಇಲ್ಲಿ ಎಷ್ಟೋ ಜನ ಮಾವಿನ ತೋಟಕ್ಕೆ ಕೂಲಿಗೆ ಹೋಗ್ತೀರಿ. ಕಾಯಿ ಕೀಳೋಕೆ ದೋಟಿ ಎತ್ತುವ ಮೊದಲು ತಲೆ ಎತ್ತಿ ನೋಡಿ. ಮರದ ಮೇಲೆ ಲೈನು ಇದ್ದರೆ ಆ ಮರ ಬಿಡಿ. ಮಾಲೀಕರು ಬೈದರೆ ಬೈಯಲಿ. ಕಬ್ಬಿಣ, ಅಲ್ಯೂಮಿನಿಯಂ ದೋಟಿ ಲೈನಿನ ಹತ್ತಿರ ಬೇಡವೇ ಬೇಡ. ಬಿದಿರನ್ನೂ ನಂಬಬೇಡಿ. ನಾನು ನಂಬಿ ಕೆಟ್ಟೆ.

ಸಂಜೆ ಟ್ರಾಕ್ಟರ್ ಲೋಡಿನ ಮೇಲೆ ಕೂತು ಬರ್ತೀರಿ. ಬೇಡಮ್ಮಾ. ಡ್ರೈವರ್‌ಗೆ ಮುಂದಿನ ದಾರಿ ಕಾಣುತ್ತೆ, ನಿಮ್ಮ ತಲೆ ಕಾಣಲ್ಲ. ಮಾಲೂರು ಕಡೆ ರೈಲ್ವೆ ಗೇಟಿನ ಹತ್ತಿರ ರಸ್ತೆಗೆ ಅಡ್ಡ ಕಬ್ಬಿಣದ ಕಮಾನು ನೋಡಿರಬಹುದು. ಅದು ಅಂದಕ್ಕೆ ಕಟ್ಟಿದ್ದಲ್ಲ. ಅದಕ್ಕೆ ತಾಗುವ ಲೋಡು ಒಳಗೆ ಹೋಗಬಾರದು ಅಂತ ಕಟ್ಟಿದ್ದು. ಮುಂದೆ ರೈಲಿನ ತಂತಿ ಇದೆ. 25,000. ಆ ತಂತಿಯನ್ನು ಮುಟ್ಟಲೇಬೇಕು ಅಂತಿಲ್ಲ. ತೀರಾ ಹತ್ತಿರ ಹೋದರೂ ಸಾಕು, ಕರೆಂಟು ಹಾರಿ ಬರುತ್ತೆ.

ಮಳೆ ಗಾಳಿಗೆ ತಂತಿ ಕೆಳಗೆ ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಕರೆಂಟು ಹೋಗಿದೆ ಅಂತ ತಿಳೀಬೇಡಿ. ಮೂವತ್ತು ಅಡಿಗಿಂತ ದೂರ ನಿಲ್ಲಿ. ಮಕ್ಕಳನ್ನು, ದನಗಳನ್ನು ತಡೆಯಿರಿ. 1912ಕ್ಕೆ ಫೋನ್ ಮಾಡಿ. ಹಳ್ಳಿಯಲ್ಲಿ ನಾವು ಇವತ್ತಿಗೂ ಕೆಇಬಿ ಅಂತೀವಿ. ಈಗ ನಮ್ಮ ಜಿಲ್ಲೆಗೆ ಬೆಸ್ಕಾಂ. ಹೆಸರು ಬದಲಾಗಿದೆ, ಕರೆಂಟು ಬದಲಾಗಿಲ್ಲ.

ಷಾಕ್ ಹೊಡೆದರೆ

ಮನೆಯಲ್ಲಿ ಯಾರಿಗಾದರೂ ಷಾಕ್ ಹೊಡೆದರೆ ಓಡಿ ಹೋಗಿ ಹಿಡ್ಕೋಬೇಡಿ. ತಾಯಿ ಮಗುವನ್ನು ಹಿಡ್ಕೋತಾಳೆ. ಇಬ್ಬರೂ ಹೋಗ್ತಾರೆ. ಕಷ್ಟ, ಆದರೂ ಒಂದು ಗಳಿಗೆ ತಡೀರಿ. ಮೊದಲು ಮೇನ್ ಸ್ವಿಚ್ಚು ಆರಿಸಿ. ಅದು ಆಗದಿದ್ದರೆ ಒಣಗಿದ ಮರದ ಮಣೆ ಮೇಲೆ ನಿಂತು, ಒಣಗಿದ ಕೋಲು ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ತಳ್ಳಿ. ಇದು ಮನೆಯ ಕರೆಂಟಿಗೆ ಮಾತ್ರ. 11,000ಕ್ಕೆ ಕೋಲು ನಡೆಯಲ್ಲ. ಅಲ್ಲಿ ದೂರವೇ ನಿಂತು ಲೈನು ಆಫ್ ಮಾಡಿಸಬೇಕು.

108ಕ್ಕೆ ಫೋನ್ ಮಾಡಿ. ಉಸಿರು ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ಜೋರಾಗಿ, ಬೇಗ ಬೇಗ ಒತ್ತುತ್ತಾ ಇರಿ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ಇದನ್ನು ಆಸ್ಪತ್ರೆಯ ಸಿಸ್ಟರ್ ಹತ್ತಿರ ಒಂದು ಸಲ ಕಲಿತುಕೊಳ್ಳಿ. ಎದ್ದು ಕೂತು "ಏನೂ ಆಗಿಲ್ಲ" ಅಂದರೂ ಡಾಕ್ಟರಿಗೆ ತೋರಿಸಿ.

ಕೊನೆಯ ಮಾತು

ನಮ್ಮ ಕ್ಲೀನರ್ ಹುಡುಗ ಏನಾದ ಅಂತ ಕೇಳ್ತೀರಿ. ಹುಡುಗ ಏನು, ಈಗ ಅವನಿಗೂ ತಲೆ ನರೆತಿದೆ. ರಸ್ತೆ ಪಕ್ಕ ಟೀ ಅಂಗಡಿ ಇಟ್ಟಿದ್ದಾನೆ. ಎಡಗೈಯಲ್ಲಿ ಬರೆಯೋದು ಕಲಿತ. ಲೆಕ್ಕದ ಪುಸ್ತಕ ಅವನೇ ಬರೀತಾನೆ. ನಾನು ಹೋದರೆ ಇವತ್ತಿಗೂ "ಬಾಣ್ಣಾ" ಅಂತಾನೆ. ಟೀ ಕೊಡ್ತಾನೆ. ಎಡಗೈಯಲ್ಲಿ ಕೊಡ್ತೀನಿ ಅಂತ ತಪ್ಪು ತಿಳೀಬೇಡ ಅಂತಾನೆ. ಆ ಲೋಟ ಹಿಡಿಯೋದು ನನಗೆ ಎಷ್ಟು ಕಷ್ಟ ಅಂತ ಅವನಿಗೆ ಹೇಳಿಲ್ಲ.

ಅಕ್ಕಂದಿರೇ, ನೀವು ರಾತ್ರಿ ಕೂತು ಕಷ್ಟಪಟ್ಟು ಓದು ಕಲಿತಿದ್ದೀರಿ. ಪುಸ್ತಕ ಓದಿ, ಒಳ್ಳೇದು. ಮನೆಗೆ ಹೋಗ್ತಾ ಕಂಬದ ಬೋರ್ಡನ್ನೂ ಓದಿ. ನಿಮ್ಮ ಯಜಮಾನರಿಗೆ, ಮಕ್ಕಳಿಗೆ ಓದಿ ಹೇಳಿ. ನನ್ನ ಹೆಂಡತಿ ಓದು ಎರಡು ವರ್ಷ ಮುಂಚೆ ಕಲಿತಿದ್ದರೆ, ಆ ಪ್ರಶ್ನೆ ಎರಡು ವರ್ಷ ಮುಂಚೆ ಕೇಳಿದ್ದರೆ, ಅಂತ ಎಷ್ಟೋ ಸಲ ಅಂದುಕೊಂಡಿದ್ದೀನಿ.

ನಮಸ್ಕಾರ.

ನೆನಪಿಡಿ

ಮೊದಲು ಓದಿ, ಆಮೇಲೆ ಮುಟ್ಟಿ.
ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡಿ.
ಫ್ಯೂಸಿಗೆ ದಪ್ಪ ತಂತಿ ಹಾಕಬೇಡಿ.
ತಂತಿಯನ್ನು ಯಾವ ಕೋಲಿನಿಂದಲೂ ಎತ್ತಬೇಡಿ.
ಲೋಡಿನ ಮೇಲೆ ಕೂರಬೇಡಿ.
ಕರೆಂಟಿನ ದೂರಿಗೆ 1912. ಆಂಬುಲೆನ್ಸಿಗೆ 108. ಎರಡನ್ನೂ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.

ಕೂಡಿ ಮಾತಾಡಿ

1. ಡ್ರೈವರ್ ಹುಡುಗನಿಗೆ ಏನು ಹೇಳಬೇಕಿತ್ತು? ಏನು ಹೇಳಿದರು?
2. ಪುಟ್ಟ ರೈಲಿಗೆ ಮರದ ಅಚ್ಚು ಯಾಕೆ ಹಾಕಿದರು?
3. ನಿಮ್ಮ ಊರಿನಲ್ಲಿ ತಂತಿ ಜೋತು ಬಿದ್ದಿರುವ ಜಾಗ ಯಾವುದು? ಅದರ ಬಗ್ಗೆ ಎಲ್ಲರೂ ಸೇರಿ ಒಂದು ಅರ್ಜಿ ಬರೆಯಿರಿ.
4. ಇವತ್ತು ಮನೆಗೆ ಹೋಗಿ ನಿಮ್ಮ ಮನೆಯ ಮೂರು ವಸ್ತುಗಳ ಮೇಲೆ ಬರೆದಿರುವ ವೋಲ್ಟಿನ ನಂಬರ್ ಓದಿ. ನಾಳೆ ಬರೆದುಕೊಂಡು ಬನ್ನಿ.